ಶಾಲೆಯ ಗೇಟಿನಾಚೆಯ ಬೆದರಿಕೆ: ಹೊಣೆ ಯಾರದು?

ಮಂಡ್ಯ: ಮಂಡ್ಯದ ಶಾಲೆಯೊಂದರಲ್ಲಿ ಓದುವ ಎಂಟನೇ ತರಗತಿಯ ಬಾಲಕನೊಬ್ಬ ಮದ್ದೂರಿನ ತನ್ನ ಮನೆಯಿಂದ ರಾತ್ರಿ ಸಹಪಾಠಿಯ ಮೊಬೈಲ್‌ಗೆ ‘ನಾಳೆ ನಿನ್ನನ್ನು ಮುಗಿಸುತ್ತೇನೆ’ ಎಂದು ಸಂದೇಶ ಕಳುಹಿಸಿದನೆಂದು ಭಾವಿಸೋಣ. ಅದನ್ನು ಓದಿ ಹೆದರಿದ ಬಾಲಕ ಮಳವಳ್ಳಿಯವನು. ‘ಇದು ಶಾಲೆಯ ಹೊರಗಿನ ವಿಚಾರ’ ಎಂದು ಮುಖ್ಯ ಶಿಕ್ಷಕರು ಸುಮ್ಮನಿರಬಹುದೇ? ಅಥವಾ ಬೆಳಗಾಗುತ್ತಲೇ ಟಿ.ಸಿ. ಕೊಟ್ಟು ಕಳುಹಿಸಬಹುದೇ? ಎರಡಕ್ಕೂ ಕಾನೂನು ಅಡ್ಡಿಯಾಗುತ್ತದೆ.

ಸುಮ್ಮನಿರುವಂತಿಲ್ಲ

ಶಾಲಾ ಅವಧಿಯಲ್ಲಿ ಮಕ್ಕಳು ಶಾಲೆಯ ಸುಪರ್ದಿಯಲ್ಲಿರುತ್ತಾರೆ. ಸುಪರ್ದಿಯಲ್ಲಿರುವ ಮಗುವಿಗೆ ನೋವಾಗುವಂತೆ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಅಪರಾಧ. ಸಂದೇಶ ಬರೆದದ್ದು ಮನೆಯಲ್ಲಾದರೂ ಅದರ ಭಯ ಮರುದಿನ ತರಗತಿಗೇ ಬರುತ್ತದೆ. ಆದ್ದರಿಂದ ಸಂದೇಶದ ಪ್ರತಿಯನ್ನು ಉಳಿಸಿಕೊಳ್ಳುವುದು, ಎರಡೂ ಕಡೆಯ ಪೋಷಕರನ್ನು ಕರೆಸುವುದು, ಹೆದರಿದ ಮಗುವಿಗೆ ರಕ್ಷಣೆ ಒದಗಿಸುವುದು, ನಡೆದದ್ದನ್ನು ಲಿಖಿತವಾಗಿ ದಾಖಲಿಸುವುದು ಶಾಲೆಯ ಮೊದಲ ಕೆಲಸ. ಸಂದೇಶದಲ್ಲಿ ಲೈಂಗಿಕ ದೌರ್ಜನ್ಯದ ಅಂಶವಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಹೊರಹಾಕುವಂತಿಲ್ಲ

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳಕ್ಕೆ 17ನೇ ಕಲಂ ತಡೆಯೊಡ್ಡುತ್ತದೆ.

ಜೀವ ಬೆದರಿಕೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಅಪರಾಧವೇ ಹೌದು. ಆದರೆ 18 ವರ್ಷದೊಳಗಿನವರ ವಿಚಾರಣೆಯ ಹಾದಿಯೇ ಬೇರೆ. 2016ರ ಮಾದರಿ ನಿಯಮಗಳಂತೆ, ಘೋರ ಅಪರಾಧವಲ್ಲದ ಮತ್ತು ವಯಸ್ಕರು ಜೊತೆಗೂಡದ ಪ್ರಕರಣಗಳಲ್ಲಿ ಎಫ್‌ಐಆರ್ ಇಲ್ಲ. ಪೊಲೀಸರು ಠಾಣಾ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಡನೆ ಜಿಲ್ಲೆಯ ಬಾಲನ್ಯಾಯ ಮಂಡಳಿಗೆ ಕಳುಹಿಸಬೇಕು. ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, ಹೆಸರನ್ನು ಬಹಿರಂಗಪಡಿಸುವಂತಿಲ್ಲ.

ಟೀಕೆ ಬೆದರಿಕೆಯಲ್ಲ

ಬಿಸಿಯೂಟ ಚೆನ್ನಾಗಿಲ್ಲವೆಂದೋ, ಶಿಕ್ಷಕರು ಪಾಠ ಮಾಡುವುದಿಲ್ಲವೆಂದೋ ಬರೆಯುವುದು ಬೆದರಿಕೆಯಾಗದು. ಅಂತರ್ಜಾಲದಲ್ಲಿ ಬರೆದ ಕಿರಿಕಿರಿಯ ಮಾತಿಗೂ ಜೈಲಿಗಟ್ಟಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದುಪಡಿಸಿದೆ. ಶಾಲೆಯ ಹೊರಗೆ ಸ್ನ್ಯಾಪ್‌ಚಾಟ್‌ನಲ್ಲಿ ಒರಟು ಮಾತು ಬರೆದ ವಿದ್ಯಾರ್ಥಿನಿಯ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು. ಆದರೆ ಶಿಕ್ಷಕರು ಅಥವಾ ಸಹಪಾಠಿಗಳನ್ನು ಗುರಿಯಾಗಿಸಿದ ಬೆದರಿಕೆ, ತೀವ್ರ ಕಿರುಕುಳಗಳಲ್ಲಿ ಶಾಲೆ ಮಧ್ಯೆ ಪ್ರವೇಶಿಸಬಹುದೆಂದೂ ಅದು ಹೇಳಿತು. ಆ ತೀರ್ಪು ಇಲ್ಲಿ ಅನ್ವಯವಾಗದಿದ್ದರೂ ಅದು ಎಳೆದ ಗೆರೆ ಗಮನಾರ್ಹ.

ಹುಸಿಯಾದರೂ ಪರಿಶೀಲನೆ ಅಗತ್ಯ

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಂದ ಬಾಂಬ್ ಬೆದರಿಕೆ ಹುಸಿಯಾಗಿತ್ತು. ಆದರೂ ಪ್ರತಿ ಶಾಲೆಯನ್ನೂ ತಪಾಸಣೆ ಮಾಡಬೇಕಾಯಿತು. ಬೆದರಿಕೆ ನಿಜವೋ ಹುಸಿಯೋ ಎಂದು ತೀರ್ಮಾನಿಸುವುದು ಮುಖ್ಯ ಶಿಕ್ಷಕರ ಕೆಲಸವಲ್ಲ. ತಕ್ಷಣದ ಅಪಾಯ ಕಂಡರೆ ಪೊಲೀಸ್ ನೆರವಿಗೆ 112, ಮಗುವಿನ ಸಂಕಷ್ಟಕ್ಕೆ ಮಕ್ಕಳ ಸಹಾಯವಾಣಿ 1098 ಇದೆ.

ಮಳವಳ್ಳಿಯ ಬಾಲಕ ನಿರ್ಭಯವಾಗಿ ತರಗತಿಗೆ ಬರಬೇಕು, ಮದ್ದೂರಿನ ಬಾಲಕನ ಓದೂ ನಿಲ್ಲಬಾರದು. ಕಾನೂನು ಶಾಲೆಯಿಂದ ನಿರೀಕ್ಷಿಸುವುದು ಈ ಎರಡನ್ನೂ.