ಮುತ್ತಜ್ಜಿ ಯಾವ ಪುಸ್ತಕದಲ್ಲಿದ್ದಾಳೆ?

ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಸಿಂಗರಿಸಿದ ಎತ್ತು, ಕೈಯಲ್ಲಿ ಗಂಟೆ, ಹೆಗಲ ಮೇಲೆ ಕಂಬಳಿ. ಮನೆ ಮುಂದೆ ನಿಂತು ಗಂಟೆ ಬಾರಿಸಿ, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಯಾಕೆ ಎದ್ದು ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಕವಲು ಎಲ್ಲಿ ನೆಲೆ ನಿಂತಿತು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುತ್ತಾರೆ. ಹಿಂದೆ ಇದೆಲ್ಲ ತಾಮ್ರಪಟದಲ್ಲಿ, ತಾಳೆಗರಿಯಲ್ಲಿ ಇರುತ್ತಿತ್ತು. ಈಗ ದಪ್ಪ ರಟ್ಟಿನ ಪುಸ್ತಕಗಳಲ್ಲಿದೆ. ಇಂಥ ಊರಿನ ಇಂಥ ಮನೆತನ ಇಂಥ ಹೆಳವರಿಗೆ ಎಂಬ ಹಕ್ಕು ತಲೆಮಾರುಗಳಿಂದ ನಡೆದು ಬಂದದ್ದು. ಕಾಳು, ಬಟ್ಟೆ, ಹಣ, ಕೊಟ್ಟದ್ದನ್ನು ಪಡೆದು, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.

ಅರಮನೆಯ ಚರಿತ್ರೆ ಬರೆದವರು ಬೇಕಾದಷ್ಟು ಜನ. ಒಕ್ಕಲು ಮನೆಯ ಚರಿತ್ರೆಯನ್ನು ಇಷ್ಟು ಶ್ರದ್ಧೆಯಿಂದ ಕಾಯ್ದವರು ನಮ್ಮಲ್ಲಿ ಹೆಳವರ ಹಾಗೆ ಮತ್ತೊಬ್ಬರಿಲ್ಲ. ಆದರೂ ಮುತ್ತಜ್ಜಿಯನ್ನು ಹುಡುಕಿ ಹೊರಟವರಿಗೆ ಈ ಪುಸ್ತಕ ಅರ್ಧ ದಾರಿಗೇ ನಿಲ್ಲುತ್ತದೆ. ಅದರ ನಡಿಗೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಹೆಣ್ಣುಮಕ್ಕಳು ಬಂದರೂ ಬಹುಪಾಲು ಯಾವ ಊರಿನಿಂದ ತಂದದ್ದು, ಯಾವ ಊರಿಗೆ ಕೊಟ್ಟದ್ದು ಎಂಬಷ್ಟಕ್ಕೇ. ನಾನು ಹುಡುಕಲು ಹೊರಟದ್ದು ಅಜ್ಜನ ತಾಯಿಯನ್ನು. ಅಜ್ಜನ ಹಿಂದಿನ ಗಂಡಸರ ಹೆಸರುಗಳು ಸರಾಗವಾಗಿ ಬಂದವು, ಅವಳದ್ದು ಬರಲಿಲ್ಲ.

ಇಂಥ ಹೊತ್ತಿನಲ್ಲಿ ಗಂಡನ ಮನೆಯ ಪುಸ್ತಕ ಮುಚ್ಚಿಟ್ಟು ತವರಿನ ದಾರಿ ಹಿಡಿಯಬೇಕು. ಅವಳ ತವರಿಗೂ ಒಬ್ಬ ಹೆಳವ ಇದ್ದಾನೆ. ಮಗಳನ್ನು ಎಲ್ಲಿಗೆ ಕೊಟ್ಟರು ಎಂಬ ಮಾತು ಅವನಲ್ಲಿರಬಹುದು. ಎರಡು ಊರಿನ ಎರಡು ಪುಸ್ತಕ ಎದುರುಬದುರು ಇಟ್ಟಾಗಲೇ ಒಬ್ಬ ಹೆಂಗಸಿನ ಬದುಕಿನ ಎರಡು ತುದಿ ಕೂಡುವುದು. ತವರು ಯಾವುದೆಂದೇ ಗೊತ್ತಿಲ್ಲವೆ? ಅಟ್ಟದ ಮೇಲಿನ ತಾಮ್ರ, ಹಿತ್ತಾಳೆ ಇಳಿಸಿ ನೋಡಿ. ಮದುವೆಯಲ್ಲಿ, ಕುಬಸದಲ್ಲಿ ತವರಿನವರು ಕೊಟ್ಟ ಕೊಡ, ತಂಬಿಗೆ, ಪರಾತಗಳ ಕಂಠದ ಸುತ್ತ ಕೊಟ್ಟವರ ಹೆಸರು, ಕೆಲವೊಮ್ಮೆ ಊರು, ತಾರೀಖು ಸಹ ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಅಕ್ಷರ ಏಳುತ್ತವೆ. ಹಳೆಯದನ್ನು ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಂದ ಮನೆಗಳಲ್ಲಿ ಎಷ್ಟು ಹೆಸರು ಕರಗಿ ಹೋದವೋ ಎಂದು ನೆನೆದರೆ ಸಂಕಟವಾಗುತ್ತದೆ.

ಹೆಸರಿನಲ್ಲೇ ಇನ್ನೊಂದು ತೊಡಕಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮ ರೂಢಿ. ಆದರೆ ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವಂತಿಲ್ಲ. ಹಾಗಾಗಿ ಆ ಮಗು ಮನೆಯಲ್ಲಿ ಅವ್ವಕ್ಕನೋ ತಂಗೆವ್ವನೋ ಆಗಿಬಿಡುತ್ತದೆ. ದಾಖಲೆಯ ಹೆಸರು, ಕರೆಯುವ ಹೆಸರು ಎರಡನ್ನೂ ಕೇಳಿ ಬರೆದುಕೊಳ್ಳದೆ ಹೋದರೆ ಒಬ್ಬಳೇ ಹೆಂಗಸು ಇಬ್ಬರಾಗುತ್ತಾಳೆ, ಇಲ್ಲವೆ ಅಜ್ಜಿ ಮೊಮ್ಮಗಳಿಬ್ಬರೂ ಒಬ್ಬಳಾಗುತ್ತಾರೆ.

ಇನ್ನು ಕಾಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದೆ ಊರ ಲೆಕ್ಕದಲ್ಲಿ ಹುಟ್ಟು ಸಾವು ಬರೆಯುವ ಪದ್ಧತಿ ಇದ್ದರೂ ಬರೆಯಿಸದೆ ಬಿಟ್ಟವರು ಬಹಳ. ಜನಗಣತಿಯಲ್ಲಿ ಬರೆಸಿದ ಹೆಸರುಗಳನ್ನು ಕಾನೂನೇ ಗುಟ್ಟಾಗಿಟ್ಟಿದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅರ್ಧ ಊರಿನ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ, ಮುತ್ತಜ್ಜಿಯಂತೂ ಶಾಲೆಯ ಮೆಟ್ಟಿಲು ಹತ್ತಿರುವುದಿಲ್ಲ. ಹಳಬರು ಇಸವಿ ಹೇಳುವುದಿಲ್ಲ, ಬರ ಹೇಳುತ್ತಾರೆ, ಬೇನೆ ಹೇಳುತ್ತಾರೆ. ಧಾತು ಈಶ್ವರ ಬರ ಎಂದರೆ 1876ರಿಂದ 1878. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನರನ್ನು ನುಂಗಿದ ಬರ ಅದು. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, 1936ರಲ್ಲೂ ಧಾತು ಬಂದಿತ್ತು. ‘ಧಾತು ಸಂವತ್ಸರದಲ್ಲಿ ಹುಟ್ಟಿದಳು’ ಎಂದರೆ ಯಾವ ಧಾತು ಎಂದು ಮಕ್ಕಳ ವಯಸ್ಸಿನೊಂದಿಗೆ ತಾಳೆ ನೋಡಬೇಕು. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲ ಎಂದರೆ ಪ್ಲೇಗು, 1898ರಿಂದ ಈಚೆಗೆ. ಒಂದೇ ಮನೆಯಿಂದ ಒಂದೇ ವಾರದಲ್ಲಿ ಎರಡು ಮೂರು ಹೆಣ ಹೊರಟವು ಎಂದರೆ 1918ರ ಇನ್‌ಫ್ಲುಯೆಂಜಾ ಇರಬಹುದು. ಆದ್ದರಿಂದ ಹಿರಿಯರ ಬಳಿ ಕೂತಾಗ ‘ಆಕೆ ಯಾವಾಗ ಹುಟ್ಟಿದ್ದು’ ಎಂದು ಕೇಳಿದರೆ ಏನೂ ಸಿಗದು. ಪ್ಲೇಗಿನಲ್ಲಿ ಎಲ್ಲಿದ್ದಳು, ಆಗ ಕಂಕುಳಲ್ಲಿ ಯಾವ ಕೂಸಿತ್ತು, ಬಾಣಂತನಕ್ಕೆ ಯಾರು ಕರೆದೊಯ್ದರು ಎಂದು ಕೇಳಬೇಕು. ಅಜ್ಜಂದಿರಿಗಿಂತ ಸೋದರತ್ತೆಯರನ್ನು ಕೇಳುವುದು ಲೇಸು. ಈ ಲೆಕ್ಕ ಅವರ ನಾಲಿಗೆಯ ಮೇಲೆಯೇ ಇರುತ್ತದೆ.

ಸರ್ಕಾರದ ಕಾಗದದಲ್ಲಿ ಮುತ್ತಜ್ಜಿ ಮೊದಲ ಸಲ ಕಾಣಿಸುವುದು ಬಹಳ ಸಲ ಗಂಡ ತೀರಿಕೊಂಡ ಮೇಲೆ. ಜಮೀನಿನ ಖಾತೆ ಬದಲಾಗುವಾಗ ಪೌತಿ ವಾರಸಾ ನಮೂದಿನಲ್ಲಿ ಮಕ್ಕಳ ಜೊತೆ, ಮಕ್ಕಳು ಚಿಕ್ಕವರಾದರೆ ಅವರ ಪಾಲಕಿಯಾಗಿ, ಅವಳ ಹೆಸರು ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ 1933ರ, ಬ್ರಿಟಿಷ್ ಸೀಮೆಯಲ್ಲಿ 1937ರ ಕಾಯ್ದೆ ವಿಧವೆಗೆ ಆಸ್ತಿಯಲ್ಲಿ ಸೀಮಿತ ಹಕ್ಕು ಕೊಟ್ಟ ಮೇಲೆ ಇಂಥ ನಮೂದು ಸಿಗುವ ಸಾಧ್ಯತೆ ಹೆಚ್ಚು. ಆಸ್ತಿಯ ಪತ್ರವೇನಾದರೂ ನೋಂದಣಿಯಾಗಿದ್ದರೆ ಅದರ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳಲ್ಲಿ ಉಳಿದಿರುತ್ತದೆ. ಸ್ಥಿರಾಸ್ತಿಯ ಪತ್ರಗಳ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಅರ್ಜಿಯಲ್ಲಿ ಊರು, ಸರ್ವೆ ನಂಬರು, ಹೆಚ್ಚು ಕಡಿಮೆ ಯಾವ ವರ್ಷ ಎಂಬುದನ್ನು ಬರೆಯಬೇಕಾಗುತ್ತದೆ. ಸರ್ವೆ ನಂಬರು ಪಹಣಿಯಲ್ಲಿ ಸಿಗುತ್ತದೆ, ವರ್ಷವನ್ನು ಮಾತ್ರ ಸೋದರತ್ತೆಯನ್ನೇ ಕೇಳಬೇಕು.