ಹಾಳು ಹಂಪಿಯ ಹಾಳೆಗಳು

ಜೇಬಿನಲ್ಲಿ 50 ರೂಪಾಯಿಯ ಹೊಸ ನೋಟಿದ್ದರೆ ಒಮ್ಮೆ ತಿರುಗಿಸಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಆ ತಿಳಿನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಈ ಗರುಡನ ಗುಡಿಯನ್ನು ನಮ್ಮ ತಲೆಮಾರಿನವರೆಲ್ಲ ಕಂಡಿದ್ದು ಇದೇ ಆಕಾರದಲ್ಲಿ. ಕೆಳಗೆ ಗಾಲಿಗಳು, ಮುಂದೆ ಪುಟ್ಟ ಆನೆಗಳು, ನಡುವೆ ಗುಡಿ, ಮೇಲೆ ಚಾಚಿದ ಕಲ್ಲಿನ ಸೂರು. ಅಷ್ಟಕ್ಕೇ ಮುಗಿಯುತ್ತದೆ. ಸೂರಿನ ಮೇಲೆ ಏನೋ ಇರಬೇಕಿತ್ತು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ, 1856ರ ಒಂದು ಛಾಯಾಚಿತ್ರದ ಪ್ರತಿಯನ್ನು ನೋಡುವವರೆಗೆ.

ಆ ಚಿತ್ರದಲ್ಲಿ ರಥಕ್ಕೆ ಶಿಖರವಿದೆ. ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ದ್ರಾವಿಡ ಶಿಖರ. ವಿಜಯನಗರದ ಶಿಲ್ಪಿಗಳು ಗೋಡೆಯವರೆಗೆ ಕಲ್ಲಿನಲ್ಲಿ ಕಟ್ಟಿ, ಅಲ್ಲಿಂದ ಮೇಲೆ ಇಟ್ಟಿಗೆ ಗಾರೆಗೆ ಇಳಿಯುತ್ತಿದ್ದರು. ಭಾರ ಕಡಿಮೆ, ಗಾರೆಯಲ್ಲಿ ಬೊಂಬೆ ಮೂಡಿಸುವುದೂ ಸುಲಭ. ಆದರೆ ಕಲ್ಲು ಬಾಳಿದಷ್ಟು ಕಾಲ ಗಾರೆ ಬಾಳುವುದಿಲ್ಲ. ರಥದ ಶಿಖರವನ್ನು ಆಮೇಲೆ ತೆಗೆದುಹಾಕಲಾಯಿತು. ಅದು ಹೇಗಿತ್ತು ಎಂಬುದಕ್ಕೆ ಇವತ್ತು ನೆಲದ ಮೇಲೆ ಒಂದು ಕುರುಹೂ ಇಲ್ಲ. ಇರುವುದು ಕಾಗದದಲ್ಲಿ ಮಾತ್ರ.

ಆ ಚಿತ್ರ ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸು ಸೇನೆಯ ಅಧಿಕಾರಿ. ಆಗಿನ್ನೂ ಫಿಲ್ಮು ಇರಲಿಲ್ಲ. ಮೇಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳುವ ವಿಧಾನವಿತ್ತು. ಆ ಹಾಳೆಗಳನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಾದ್ದರಿಂದ ಬಿಸಿಲ ಸೀಮೆಯಲ್ಲಿ ಅಲೆಯುವವರಿಗೆ ಅದು ಅನುಕೂಲವಾಗಿತ್ತು. ಒಂದೊಂದು ಹಾಳೆಯೂ ಸುಮಾರು ಒಂದೂವರೆ ಅಡಿ ಅಗಲ. ಅದಕ್ಕೆ ತಕ್ಕಷ್ಟು ದೊಡ್ಡ ಪೆಟ್ಟಿಗೆಯ ಕ್ಯಾಮೆರಾವನ್ನು ಬಂಡೆಗಳ ನಡುವೆ ಹೊತ್ತು ತಿರುಗಬೇಕು. ಹಾಗೆ ತಿರುಗಿ ಅವನು ಹಂಪಿಯ ಸುಮಾರು 60 ನೋಟಗಳನ್ನು ಹಿಡಿದಿಟ್ಟ. ಅವು 1980ರಲ್ಲಿ ಇಂಗ್ಲೆಂಡಿನ ಒಂದು ಖಾಸಗಿ ಸಂಗ್ರಹದಲ್ಲಿ ಮತ್ತೆ ಬೆಳಕು ಕಂಡವು. ಒಂದೇಕಾಲು ಶತಮಾನ ಹಂಪಿಯ ಬಗ್ಗೆ ಬರೆದವರು ಬಹುಪಾಲು ಅವನ್ನು ನೋಡದೆಯೇ ಬರೆದರು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಪ್ರತಿಗಳನ್ನು ಹಿಡಿದು ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ 127 ವರ್ಷಗಳಲ್ಲಿ ಏನೇನು ಹೋಯಿತು, ಏನೇನನ್ನು ಎತ್ತಿ ನಿಲ್ಲಿಸಿದರು ಎಂಬುದು ಬಾಯಿಬಿಟ್ಟು ಹೇಳಿದಂತೆ ಕಾಣುತ್ತದೆ.

ನಮ್ಮ ಹಿರಿಯರ ಮಾತಿನಲ್ಲಿ ಹಾಳೂ ಹಂಪೆಯೂ ಬೇರೆಬೇರೆ ಇರಲಿಲ್ಲ. ಹಾಳು ಹಂಪೆ ಎಂದರೆ ಮುಗಿಯಿತು. ಆ ಹಾಳನ್ನು ಅಳೆದು ಹಾಳೆಗೆ ತಂದವರ ಕತೆ ಗ್ರೀನ್‌ಲಾನಿಗಿಂತ ಅರ್ಧ ಶತಮಾನ ಹಿಂದೆ ಶುರುವಾಗುತ್ತದೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಮುತ್ತಿಗೆಯಲ್ಲಿದ್ದ ಇಂಜಿನಿಯರುಗಳಲ್ಲಿ ಕಾಲಿನ್ ಮೆಕೆಂಜಿ ಒಬ್ಬ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಗೆದ್ದ ನಾಡನ್ನು ಅಳೆಯುವ ಕೆಲಸವನ್ನು ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಒಪ್ಪಿಸಿತು. ಆ ಮೈಸೂರು ಸರ್ವೆ ಹತ್ತು ವರ್ಷ ನಡೆದು ಸುಮಾರು 40,000 ಚದರ ಮೈಲಿಗಳನ್ನು ಆವರಿಸಿತು. ಅದೇ 1799ರಲ್ಲಿ ಅವನ ತಂಡ ಹಂಪಿಯ ನಕ್ಷೆಯೊಂದನ್ನು ತಯಾರಿಸಿತು. ನೀರುಬಣ್ಣದಲ್ಲಿ ತುಂಗಭದ್ರೆ, ಅದರ ಬೆನ್ನಿಗೆ ಬೆಟ್ಟಗಳು, ಬೆಟ್ಟಗಳ ನಡುವೆ ಗುಡಿಗಳು. ಹಂಪಿಯನ್ನು ಮೇಲಿನಿಂದ ನೋಡಿದಂತೆ ಒಂದೇ ಹಾಳೆಯಲ್ಲಿ ತೋರಿಸಿದ, ನಮಗೆ ಉಳಿದಿರುವ ಅತ್ಯಂತ ಹಳೆಯ ನಕ್ಷೆಗಳಲ್ಲಿ ಇದು ಮುಖ್ಯವಾದದ್ದು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆಟ್ಟ ಹತ್ತಿ ನೋಡಿದರೂ ಊರು ಪೂರ್ತಿ ಕಣ್ಣಿಗೆ ಸಿಗಲಿಲ್ಲ ಎಂದಿದ್ದ. ಜನ ತುಂಬಿದ್ದಾಗ ಒಂದು ನೋಟಕ್ಕೆ ಸಿಗದ ಊರು, ಹಾಳಾದ ಮೇಲೆ ಒಂದು ಹಾಳೆಗೆ ಸಿಕ್ಕಿತು.

ಅದನ್ನು ಬರೆದ ಕೈ ಯಾರದ್ದು? ಹಾಳೆಯ ಮೇಲೆ ಹೆಸರಿಲ್ಲ. ಮೆಕೆಂಜಿಯ ಬಳಿ ಇದ್ದ ನಕ್ಷೆಗಾರರಲ್ಲಿ ಹಲವರು ಮದ್ರಾಸಿನಲ್ಲಿ 1794ರಲ್ಲಿ ತೆರೆದ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು. ಅನಾಥಾಲಯದಿಂದ ಆರಿಸಿ ತಂದ ಮಕ್ಕಳು. ಸರಪಳಿ ಎಳೆಯುವುದು, ಕೋನ ಓದುವುದು, ಬಣ್ಣ ತುಂಬುವುದು ಎಲ್ಲವನ್ನೂ ಅವರಿಗೆ ಕಲಿಸಲಾಗಿತ್ತು. ಬೆಂಜಮಿನ್ ವಾರ್ಡ್, ಜಾನ್ ನ್ಯೂಮನ್‌ರಂಥ ಕೆಲವರ ಹೆಸರು ದಾಖಲೆಯಲ್ಲಿ ಉಳಿದಿದೆ. ಉಳಿದವರದು ಗೆರೆಗಳಲ್ಲಿ ಕರಗಿಹೋಯಿತು.

ಮೆಕೆಂಜಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಕಟ್ಟಡದ ಉದ್ದಗಲವನ್ನು ಸರಪಳಿ ಹೇಳುತ್ತದೆ, ಕಟ್ಟಿಸಿದವರು ಯಾರು, ಉಂಬಳಿ ಎಷ್ಟು, ಪೂಜೆ ಯಾರದ್ದು ಎಂಬುದನ್ನು ಊರವರೇ ಹೇಳಬೇಕು. ಅದಕ್ಕಾಗಿ ಅವನು ಕಾವಲಿ ವೆಂಕಟ ಬೋರಯ್ಯನವರನ್ನು ನೆಚ್ಚಿಕೊಂಡ. ಏಲೂರಿನ ಕಡೆಯ ತೆಲುಗು ವಿದ್ವಾಂಸರು. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ ಆ ಕೆಲಸ ಮುಂದುವರಿಸಿದರು. ಹಳಗನ್ನಡದ ಶಾಸನಗಳನ್ನು ಬಿಡಿಸಿ ಓದಲು ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರಿದ್ದರು. ಶಾನುಭೋಗರ ಕಡತದಿಂದ, ಮಠದ ಗುರುಪರಂಪರೆಯ ಪಟ್ಟಿಯಿಂದ, ವಯಸ್ಸಾದವರ ನೆನಪಿನಿಂದ ಎತ್ತಿ ಬರೆಸಿದ ಊರೂರಿನ ವಿವರಗಳೇ ನಾವಿಂದು ಕೈಫಿಯತ್ತು ಎಂದು ಕರೆಯುವ ಬರಹಗಳು.

ಈಗ ನನಗೆ ಹೊಟ್ಟೆ ಉರಿಯುವ ಸಂಗತಿಗೆ ಬರುತ್ತೇನೆ. ಮೆಕೆಂಜಿ 1821ರಲ್ಲಿ ಸತ್ತ. ಮರುವರ್ಷ ಕಂಪನಿ ಅವನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಇಡೀ ಸಂಗ್ರಹವನ್ನು ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಕಲ್ಕತ್ತೆಯಲ್ಲಿ ಅದರ ಪಟ್ಟಿಯನ್ನು ಅಚ್ಚು ಹಾಕಿಸಿದ. ಆಮೇಲೆ ಪಾಲಾಯಿತು. ನಕ್ಷೆ, ಚಿತ್ರಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಅವು ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕನ್ನಡ, ತೆಲುಗು, ತಮಿಳು ಕೈಬರಹಗಳಲ್ಲಿ ಬಹುಪಾಲು ಮದ್ರಾಸಿಗೆ ಮರಳಿದವು. ಅವು ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಒಂದೇ ಪಯಣದಲ್ಲಿ, ಒಂದೇ ಡೇರೆಯಲ್ಲಿ, ಅಕ್ಕಪಕ್ಕ ಕುಳಿತವರು ಮಾಡಿದ ಕೆಲಸ. ಒಬ್ಬ ಗುಡಿಯ ಗೆರೆ ಎಳೆಯುತ್ತಿದ್ದಾಗ ಇನ್ನೊಬ್ಬ ಅದೇ ಗುಡಿಯ ಕತೆ ಬರೆದುಕೊಳ್ಳುತ್ತಿದ್ದ. ಈಗ ಚಿತ್ರ ನೋಡಿದವರಿಗೆ ಮಾತು ಸಿಗುವುದಿಲ್ಲ, ಮಾತು ಓದಿದವರಿಗೆ ಚಿತ್ರ ಸಿಗುವುದಿಲ್ಲ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕವಾಗಿ ತಂದಿತು. ಅದನ್ನು ಓದುವಾಗಲೆಲ್ಲ ಪುಟದ ಎದುರು ಆ ಊರಿನ ನಕ್ಷೆಯೂ ಇದ್ದಿದ್ದರೆ ಎಂದು ಮನಸ್ಸು ಹಲುಬುತ್ತದೆ.

ಮಾತನ್ನೂ ಗೆರೆಯನ್ನೂ ಬೇರೆ ಮಾಡದೆ ಇಟ್ಟುಕೊಂಡವರೂ ನಮ್ಮಲ್ಲಿದ್ದರು. ಮೈಸೂರು ಸಂಸ್ಥಾನ 1885ರಲ್ಲೇ ಪುರಾತತ್ವ ಇಲಾಖೆ ತೆರೆಯಿತು. ಬಿ. ಎಲ್. ರೈಸ್ ಶಾಸನಗಳ ಕಡೆ ಹೆಚ್ಚು ಗಮನ ಕೊಟ್ಟರೆ, ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು ಕಟ್ಟಡಕ್ಕೂ ಅಷ್ಟೇ ಮನ್ನಣೆ ಕೊಟ್ಟರು. 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಮೇಲೆ ಬಿಡಿ ಪುಸ್ತಕಗಳೇ ಬಂದವು. ಆಮೇಲಿನ ಎಂ. ಎಚ್. ಕೃಷ್ಣರ ಕಾಲದ ವಾರ್ಷಿಕ ವರದಿಗಳನ್ನು ತೆರೆದರೆ ಒಂದು ಗುಡಿಯ ತಳವಿನ್ಯಾಸ, ಅದರ ಛಾಯಾಚಿತ್ರ, ವರ್ಣನೆ, ಅಲ್ಲಿನ ಶಾಸನದ ಪಾಠ ಎಲ್ಲವೂ ಒಂದೇ ರಟ್ಟಿನೊಳಗೆ ಸಿಗುತ್ತವೆ. ಹೆಸರೂ ಕೇಳದ ಊರಿನ ಪುಟ್ಟ ಗುಡಿಗೂ ಗರ್ಭಗುಡಿ ಎಲ್ಲಿ, ಸುಕನಾಸಿ ಎಲ್ಲಿ, ನವರಂಗದ ಕಂಬಗಳೆಷ್ಟು ಎಂಬ ಲೆಕ್ಕವಿದೆ. ಇವತ್ತಿಗೂ ಹೊಯ್ಸಳ ಗುಡಿಯೊಂದರ ಬಗ್ಗೆ ತಿಳಿಯಲು ಹೊರಟವರು ಮೊದಲು ತಡಕುವುದು ಆ ವರದಿಗಳನ್ನೇ.

ಹಂಪಿ ಆಗ ಮದ್ರಾಸು ಆಧಿಪತ್ಯದಲ್ಲಿತ್ತು. ಹಾಗಾಗಿ ಮೈಸೂರಿನವರ ಆರೈಕೆ ಅದಕ್ಕೆ ದಕ್ಕಲಿಲ್ಲ. 1900ರಲ್ಲಿ ರಾಬರ್ಟ್ ಸೀವೆಲ್‌ನ ಇತಿಹಾಸ, 1917ರಲ್ಲಿ ಲಾಂಗ್‌ಹರ್ಸ್ಟ್‌ನ ಕೈಪಿಡಿ ಬಂದವು. ಎರಡೂ ಬಹಳ ಓದಿಸಿಕೊಂಡವು. ಆದರೆ ಊರನ್ನು ಗೇಣು ಗೇಣಾಗಿ ಅಳೆಯುವ ಕೆಲಸ ಹಾಗೇ ಉಳಿಯಿತು.

ಅದು ಶುರುವಾಗಲು 1980 ಬರಬೇಕಾಯಿತು. ಆ ಹೊತ್ತಿಗೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ರಾಜ್ಯದ ಇಲಾಖೆಯೂ ಅರಮನೆಗಳ ಭಾಗದಲ್ಲಿ ಉತ್ಖನನ ನಡೆಸಿದ್ದವು. ರಾಜ್ಯದ ಇಲಾಖೆಯ ನಿರ್ದೇಶಕರಾಗಿದ್ದವರು ಎಂ. ಎಸ್. ನಾಗರಾಜರಾವ್. ಅವರ ಬೆಂಬಲದಲ್ಲಿ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಷೆಲ್ ಬಂದು ಇಳಿದರು. ಅಗೆಯುವವರು ಅಗೆಯಲಿ, ನಾವು ನೆಲದ ಮೇಲೆ ಕಾಣುವುದನ್ನೆಲ್ಲ ಬರೆಯುತ್ತೇವೆ ಎಂಬುದು ಅವರ ಪಟ್ಟು. ಪ್ರತಿ ಚಳಿಗಾಲವೂ ಇಲ್ಲಿನ ಮತ್ತು ಹೊರದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳ ದಂಡು ಅವರ ಜೊತೆ ಬೀಡು ಬಿಡುತ್ತಿತ್ತು. ಇದು ಎರಡು ದಶಕ ನಡೆಯಿತು.

ಕೆಲಸ ಹೇಗೆಂದರೆ, ಇಡೀ ಪ್ರದೇಶಕ್ಕೆ ಮೊದಲು ಚೌಕುಳಿ ಹಾಕುವುದು. ಪ್ರತಿ ಚೌಕಕ್ಕೆ ಅಕ್ಷರ, ಚೌಕದೊಳಗಿನ ಪ್ರತಿ ಕಟ್ಟಡಕ್ಕೆ ಸಂಖ್ಯೆ. ದೇವಸ್ಥಾನವಾಗಲಿ, ಬಾಗಿಲಾಗಲಿ, ಬಾವಿಯಾಗಲಿ, ಬಂಡೆಯ ಮೇಲೆ ಕೊರೆದ ಮೆಟ್ಟಿಲಾಗಲಿ, ಎಲ್ಲಕ್ಕೂ ಒಂದೇ ಮರ್ಯಾದೆ. ‘ರಾಣಿ ಸ್ನಾನಗೃಹ’, ‘ಕಮಲ ಮಹಲ್’ ಮುಂತಾದ ಹೆಸರುಗಳು ಬಹಳ ಈಚಿನವು. ಕಟ್ಟಿದ ಕಾಲದಲ್ಲಿ ಅವನ್ನು ಏನೆನ್ನುತ್ತಿದ್ದರೋ. ಅಕ್ಷರ ಮತ್ತು ಸಂಖ್ಯೆಯ ಗುರುತಿಗೆ ಅಂಥ ಊಹೆಯ ಹಂಗಿಲ್ಲ. ಆಮೇಲೆ ಟೇಪು ಹಿಡಿದು ಅಳತೆ. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಎಳೆಯಬೇಕು. ಇಲ್ಲದಿದ್ದರೆ ಓರೆಯಾದ ಕೋಣೆ ಹಾಳೆಯಲ್ಲಿ ನೇರವಾಗಿಬಿಡುತ್ತದೆ. ಎತ್ತರಕ್ಕೆ ತೂಗುಗುಂಡು. ಸ್ಥಳದಲ್ಲಿ ಪೆನ್ಸಿಲ್ಲು, ಬೀಡಿಗೆ ಬಂದ ಮೇಲೆ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿ. ಕ್ಯಾಮೆರಾ ಕ್ಷಣದಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಗೆರೆ ಎಳೆಯುವವರು ಮಾತ್ರ ಪ್ರತಿ ಕಂಬದ ಬುಡದಲ್ಲೂ ಕೂರಲೇಬೇಕು. ಅಧಿಷ್ಠಾನದ ಯಾವ ಪಟ್ಟಿ ಎಷ್ಟು ಮುಂದೆ ಚಾಚಿದೆ, ಯಾವ ಕಲ್ಲನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂಬುದು ಹಾಗೆ ಕೂತವರಿಗೇ ಗೊತ್ತಾಗುವುದು.

ಹಾಳೆಗಳು ಒಂದಕ್ಕೊಂದು ಸೇರಿದಂತೆ, ನಡೆದಾಡುವವರ ಕಣ್ಣಿಗೆ ಬೀಳದ್ದು ಕಾಣತೊಡಗಿತು. ಹಜಾರ ರಾಮ ಎಂದು ನಾವು ಕರೆಯುವ ರಾಮಚಂದ್ರ ದೇವಸ್ಥಾನದಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ಮತಂಗ ಬೆಟ್ಟಕ್ಕೆ ಮುಟ್ಟುತ್ತದೆ. ಸುಗ್ರೀವ ಆಶ್ರಯ ಪಡೆದ ಬೆಟ್ಟ ಅದು. ಈಶಾನ್ಯಕ್ಕೆ ನೋಡಿದರೆ ಮಾಲ್ಯವಂತ, ರಾಮ ಮಳೆಗಾಲ ಕಳೆದ ಬೆಟ್ಟ. ಅರಮನೆಯ ಭಾಗದ ದಾರಿಗಳು ಈ ಗುಡಿಯ ಎದುರಿನಿಂದಲೇ ಕವಲೊಡೆದು ಹೊರಡುತ್ತವೆ. ಅರಸರು ತಮ್ಮ ಊರನ್ನು ರಾಮಾಯಣದ ನೆಲಕ್ಕೆ ಹೊಂದಿಸಿ ಕಟ್ಟಿದ್ದರು ಎಂದು ಫ್ರಿಟ್ಜ್ ವಾದಿಸಿದ್ದು ಈ ನಕ್ಷೆಗಳ ಬಲದಿಂದ. ಅರಮನೆಗಳ ವಿಷಯವೂ ಹಾಗೆಯೇ. ಮರದ ಕಂಬ, ಮರದ ಮಾಳಿಗೆ ಎಲ್ಲ ಹೋಗಿ ಕಲ್ಲಿನ ಜಗಲಿಗಳಷ್ಟೇ ಉಳಿದಿದ್ದವು. ಒಂದೊಂದನ್ನೇ ಬರೆದು ಸಾಲಾಗಿ ಹರಡಿದಾಗ ಹೆಚ್ಚಿನವು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರುವುದು, ಹಂತ ಹಂತವಾಗಿ ಹಿಂದಕ್ಕೆ ಎತ್ತರವಾಗುವುದು ಗೊತ್ತಾಯಿತು.

1990ರಲ್ಲಿ ನಗರದ ಒಳಭಾಗದ ಕಟ್ಟಡಗಳ ಪಟ್ಟಿಯನ್ನು ಮೈಸೂರಿನ ರಾಜ್ಯ ಪುರಾತತ್ವ ನಿರ್ದೇಶನಾಲಯ ಎರಡು ಸಂಪುಟಗಳಲ್ಲಿ ತಂದಿತು. ದೇವಸ್ಥಾನಗಳ ಭಾಗದ್ದು 2001ರಲ್ಲಿ ಮಿಷೆಲ್ ಮತ್ತು ಫಿಲಿಪ್ ವ್ಯಾಗೊನರ್ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಯುನೆಸ್ಕೋ ಪಟ್ಟಿಯ ಹಂಪಿಯಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ ಎನ್ನುತ್ತಾರೆ. ಪ್ರವಾಸಿಗರು ನೋಡುವುದು ಹತ್ತಿಪ್ಪತ್ತು. ಮಿಕ್ಕವುಗಳಲ್ಲಿ ಎಷ್ಟೋ ಕಟ್ಟಡಗಳ ಪಾಲಿಗೆ ಈ ಸಂಪುಟಗಳ ಒಂದು ಗೆರೆಚಿತ್ರವೇ ಜನನಪತ್ರ, ಅದೇ ವಂಶಾವಳಿ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಕೊನೆಯಲ್ಲಿ ಮತಂಗ ಬೆಟ್ಟದ ಹಿಂದುಗಡೆ ನಡೆಯುತ್ತಿದ್ದೆ. ಹಾದಿಯಲ್ಲಿ ವಾಸ್ತುಶಿಲ್ಪ ಓದುವ ಇಬ್ಬರು ಹುಡುಗಿಯರು ಹೆಸರಿಲ್ಲದ ನಾಲ್ಕು ಕಂಬದ ಮಂಟಪವೊಂದನ್ನು ಅಳೆಯುತ್ತಿದ್ದರು. ಮೂಲೆಯಿಂದ ಮೂಲೆಗೆ ಟೇಪು ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಕುರಿ ಕಾಯುತ್ತಿದ್ದ ಹುಡುಗನೊಬ್ಬ ಕರೆಯದೆಯೇ ಬಂದು ತುದಿ ಹಿಡಿದುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಏನ್ ಬರ್ಕೊಳ್ಳಾಕತ್ತೀರಿ ಅಕ್ಕಾ?”

“ಈ ಮಂಟಪದ ನಕ್ಷೆ. ಇದಕ್ಕೆ ಹೆಸರಿಲ್ವಲ್ಲ, ಬರೀ ನಂಬರ್ ಕೊಟ್ಟಿದ್ದಾರೆ.”

“ಯಾಕಿಲ್ಲರೀ? ಇದು ಮಳಿ ಮಂಟಪ. ಮಳಿ ಬಂದ್ರ ನಾವೂ ಕುರಿನೂ ಇದರಾಗ ನಿಂದರ್ತೀವಿ. ನಮ್ಮಜ್ಜನೂ ಹಂಗ ಅಂತಿದ್ದ.”

ಹುಡುಗಿ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಹಾಳೆಯ ಅಂಚಿನಲ್ಲಿ, ಉತ್ತರ ದಿಕ್ಕಿನ ಬಾಣದ ಗುರುತಿನ ಕೆಳಗೆ, ಪೆನ್ಸಿಲ್ಲಿನಿಂದ ಕನ್ನಡದಲ್ಲಿ ‘ಮಳಿ ಮಂಟಪ’ ಎಂದು ಬರೆದುಕೊಂಡಳು. ‘ಮಳೆ’ ಎಂದು ತಿದ್ದಲಿಲ್ಲ. ಹುಡುಗ ಟೇಪನ್ನು ಬಿಗಿಯಾಗಿ ಹಿಡಿದು ಮುಂದಿನ ಕಂಬದ ಕಡೆ ಹೊರಟ.