ಪ್ರೊಜೆಕ್ಟರ್‌ಗೆ ಎಲ್‌ಇಡಿಯೋ, ಲ್ಯಾಂಪೋ?

ಪ್ರಶ್ನೆ: ಎಲ್‌ಇಡಿ ಹೆಚ್ಚು ಬಾಳಿಕೆ ಬಂದರೂ ಲ್ಯಾಂಪ್ ಪ್ರೊಜೆಕ್ಟರ್‌ಗಳು ಇನ್ನೂ ಏಕಿವೆ?

ಉತ್ತರ: ಪ್ರಖರತೆಗಾಗಿ. ಲ್ಯಾಂಪಿನೊಳಗಿನ ಪುಟ್ಟ ಬುರುಡೆಯಲ್ಲಿ ಸುಮಾರು 200 ವಾಯುಭಾರದಷ್ಟು ಒತ್ತಡದ ಪಾದರಸದ ಆವಿ ಇರುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ಅಂತರದಲ್ಲಿರುವ ಎರಡು ಟಂಗ್‌ಸ್ಟನ್ ತುದಿಗಳ ನಡುವೆ ಬೆಳಕು ಹೊಮ್ಮುತ್ತದೆ. ಮೂಲ ಅಷ್ಟು ಚಿಕ್ಕದಾದ್ದರಿಂದ ಲೆನ್ಸ್ ಅದರ ಬೆಳಕನ್ನು ಸುಲಭವಾಗಿ ಹಿಡಿದು ಪರದೆಗೆ ಸಾಗಿಸಬಲ್ಲದು. ಎಲ್‌ಇಡಿಯಲ್ಲಿ ಬೆಳಕು ಹೆಚ್ಚಿಸಲು ಚಿಪ್ಪನ್ನೇ ಅಗಲ ಮಾಡಬೇಕು. ಆಗ ಬಹಳಷ್ಟು ಬೆಳಕು ಲೆನ್ಸಿಗೆ ಸಿಗದೆ ಪೋಲಾಗುತ್ತದೆ.

ಆದರೆ ಲ್ಯಾಂಪ್ ಸಾಮಾನ್ಯವಾಗಿ 2,000ದಿಂದ 5,000 ಗಂಟೆಗಳಲ್ಲಿ ಮಂಕಾಗುತ್ತದೆ; ಎಲ್‌ಇಡಿಗೆ ತಯಾರಕರು ಹೇಳುವ ಆಯಸ್ಸು 20,000 ಗಂಟೆಗೂ ಮೇಲೆ. ಅದರಲ್ಲಿ ಪಾದರಸವಿಲ್ಲ, ಹಾಕಿದೊಡನೆ ಬೆಳಗುತ್ತದೆ, ಕೆಂಪು, ಹಸಿರು, ನೀಲಿ ಬಣ್ಣಗಳೂ ಗಾಢ. ಕಿಟಕಿ ತೆರೆದ ತರಗತಿಗೆ ಲ್ಯಾಂಪಿನ ಪ್ರಖರತೆ ಬೇಕು. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವ ಮನೆಗೆ ಎಲ್‌ಇಡಿಯೇ ಒಳ್ಳೆಯದು.